ಮುಂಬಯಿಯ ಲೋಕಲ್ ರೈಲಿನಲ್ಲಿ ಪರಸ್ಥಳದವರು

ಮುಂಬಯಿಗೆ ಹೊರಟುನಿಂತವರಿಗೆ ಅಲ್ಲಿರುವ ಬಂಧುಗಳು ಮುಂಚಿತವಾಗಿಯೇ ಹೇಳುವ ಬುದ್ಧಿಮಾತು ಒಂದುಂಟು: "ಬೆಳಗಿನ ಹೊತ್ತು ಲೋಕಲ್ ಗಾಡಿಯನ್ನು ಮಾತ್ರ ಹತ್ತಬೇಡಿ." ಇದನ್ನು ಕೇಳಿ ಅಂಜಿದವರು ಬಾಡಿಗೆಯ ಮೋಟಾರನ್ನು ಹಿಡಿದು, ಬೀದಿಯ ಸಂದಣಿಯಲ್ಲಿ ಸಿಕ್ಕಿ ಅರ್ಧ ದಿನವನ್ನು ಕಳೆಯುತ್ತಾರೆ. ಅಂಜದವರು ಲೋಕಲನ್ನೇ ಹತ್ತಿ, ಇಳಿಯಬೇಕಾದಲ್ಲಿ ಇಳಿಯಲಾರದೆ, ಮತ್ತೆಲ್ಲಿಯೋ ಇಳಿದು ಬೆಪ್ಪಾಗುತ್ತಾರೆ. ನಾವು ಈ ಎರಡನೆಯ ಪಂಗಡಕ್ಕೆ ಸೇರಿದವರು. ಆ ದಿನದ ಪೇಚಾಟದಿಂದ ಹುಟ್ಟಿದ ಕುತೂಹಲವೇ ಈ ಹೊತ್ತಿನ ಭಾಷಣಕ್ಕೆ ಕಾರಣವೆಂದು ಮೊದಲೇ ಒಪ್ಪಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ಮಾಟುಂಗದ ಒಂದು ಕಾಲೇಜಿನಲ್ಲಿ ಉಪನ್ಯಾಸ ಮಾಡಲು ಹೋಗಿದ್ದೆವು. ಥಾಣೆಯಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ ಬಿಡಾರ. ಕೋಟೆಯ ಪ್ರಾಂತದ ಒಂದು ಬ್ಯಾಂಕಿನಲ್ಲಿ ಅವರಿಗೆ ಕೆಲಸ. ಅವರು ಮುಂಜಾನೆಯೇ ಹೊರಡುವ ಮುನ್ನ, "ಮೇಷ್ಟ್ರೇ, ತಾವು ಸ್ಲೋ ಗಾಡಿಯನ್ನೇ ಹತ್ತಿ. ಫಾಸ್ಟ್ ಗಾಡಿ ಮಾಟುಂಗದಲ್ಲಿ ನಿಲ್ಲುವುದಿಲ್ಲ" ಎಂದು ಎರಡು ಸಲ ಹೇಳಿಹೋದರು. ನಾವು ತಲೆದೂಗಿದೆವು. ಆದರೆ ಪ್ಲಾಟ್‌ಫಾರಂನಲ್ಲಿ ಗಾಡಿ ಬಂದೊಡನೆ ಹಿಂದಿನಿಂದ ನುಗ್ಗಿದ ಜನಪ್ರವಾಹ ನಮ್ಮನ್ನು ಎತ್ತಿ ಒಳಗಿಟ್ಟಿತು. ಅದು ಫಾಸ್ಟ್ ಗಾಡಿ. ಕುರ್ಲಾ ದಾಟಿದ ಸ್ವಲ್ಪ ಹೊತ್ತಿಗೆ ಮಾಟುಂಗದ ಹೆಸರಿನ ಹಲಗೆ, ಎದುರಿದ್ದವರ ಭುಜಗಳ ನಡುವೆ ಒಮ್ಮೆ ಕಾಣಿಸಿ ಮಾಯವಾಯಿತು. ದಾದರಿನಲ್ಲಾದರೂ ಇಳಿಯೋಣವೆಂದರೆ ನಾವು ನಿಂತಿದ್ದುದು ಪ್ಲಾಟ್‌ಫಾರಂ ಬಾರದ ಕಡೆಯ ಬಾಗಿಲಿನ ಬಳಿ. ಕೊನೆಗೆ ಇಳಿದದ್ದು ಬೈಕಲಾದಲ್ಲಿ. ಅಲ್ಲಿಂದ ಸ್ಲೋ ಗಾಡಿ ಹಿಡಿದು ಹಿಂದಿರುಗಿ, ಸಭೆಗೆ ಅರ್ಧ ಗಂಟೆ ತಡವಾಗಿ ಹೋಗಿ ಕಾರಣವನ್ನು ಹೇಳಿದಾಗ, ವಿದ್ಯಾರ್ಥಿಗಳಲ್ಲಿ ಯಾರೂ ನಗಲಿಲ್ಲ. ಅವರಲ್ಲಿ ಅರ್ಧ ಮಂದಿ ಅಂತಹ ಗಾಡಿಗಳಲ್ಲಿಯೇ ಬಂದವರು.

ಫಾಸ್ಟು ಸ್ಲೋ ಎಂಬ ಭೇದ ಏಕೆ? ಒಂದೇ ಊರಿನಲ್ಲಿ ವೆಸ್ಟರ್ನ್, ಸೆಂಟ್ರಲ್ ಎಂಬ ಎರಡು ರಾಜ್ಯಗಳು ಏಕೆ? ಗಾಡಿ ಓಡುವಾಗಲೂ ಬಾಗಿಲು ತೆರೆದಿರುವುದೇಕೆ? ಪರಸ್ಥಳದವರಿಗೆ ತೊಡಕಾಗಿ ತೋರುವ ಈ ಪದ್ಧತಿಗಳಲ್ಲಿ ಒಂದೊಂದೂ ಇತಿಹಾಸದ ಒಂದೊಂದು ಘಟ್ಟದಲ್ಲಿ, ಆ ಕಾಲದ ಅಗತ್ಯಕ್ಕೆ ತಕ್ಕಂತೆ ಹುಟ್ಟಿದುದು. ಕಾಲ ಹೋಯಿತು, ಪದ್ಧತಿ ಉಳಿಯಿತು. ಅದನ್ನರಿತರೆ ನಮ್ಮ ಪ್ರಯಾಣ ಸುಗಮವಾಗುವುದು ಮಾತ್ರವಲ್ಲ, ನಾವು ಯಾರ ಗಾಡಿಯನ್ನು ಹತ್ತಿದ್ದೇವೆಂಬುದೂ ತಿಳಿಯುತ್ತದೆ.

ಆ ದಿನ ನಾವು ಪೇಚಾಡಿದ ದಾರಿ ಸಾಮಾನ್ಯವಾದುದಲ್ಲ. 1853ನೆಯ ಇಸವಿ ಏಪ್ರಿಲ್ 16ರ ಮಧ್ಯಾಹ್ನ, ಬೋರಿಬಂದರಿನಿಂದ ಥಾಣೆಗೆ 34 ಕಿಲೋಮೀಟರು ದೂರ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಇದೇ ದಾರಿಯಲ್ಲಿ. ಇಪ್ಪತ್ತೊಂದು ತೋಪುಗಳ ಮರ್ಯಾದೆಯೊಡನೆ, ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನುಗಳು ಹದಿನಾಲ್ಕು ಗಾಡಿಗಳನ್ನೂ ಸುಮಾರು 400 ಮಂದಿ ಆಹ್ವಾನಿತರನ್ನೂ ಎಳೆದೊಯ್ದವು. ಜಗನ್ನಾಥ ಶಂಕರಶೇಟ್, ಜಮ್‌ಶೇಟ್‌ಜಿ ಜೀಜೀಭಾಯ್ ಮುಂತಾದ ಮುಂಬಯಿಯ ಗಣ್ಯರು 1845ರಿಂದಲೇ ಈ ರೈಲಿಗಾಗಿ ಶ್ರಮಿಸಿದ್ದರು. 1849ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಶಾಸನದಿಂದ ಸ್ಥಾಪಿತವಾದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಎಂಬ ಕಂಪನಿ ಅದನ್ನು ಕಟ್ಟಿತು.

ಆದರೆ ಆ ಕಂಪನಿಯ ಕಣ್ಣು ಇದ್ದುದು ಥಾಣೆಯ ಮೇಲಲ್ಲ, ಅದರಾಚೆಯ ಘಟ್ಟದ ಮೇಲೆ. ಸಹ್ಯಾದ್ರಿಯ ಆಚೆ ವರಾಡ ಖಾನದೇಶಗಳ ಕರಿನೆಲದಲ್ಲಿ ಹತ್ತಿ ಬೆಳೆಯುತ್ತಿತ್ತು. ಲ್ಯಾಂಕಾಷೈರಿನ ಗಿರಣಿಗಳಿಗೆ ಅದು ಬೇಕಾಗಿತ್ತು. 1863ರಲ್ಲಿ ಬೋರ್‌ಘಾಟು, 1865ರಲ್ಲಿ ಥಳ್‌ಘಾಟು ತೆರೆದುವು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋಗಿದ್ದ ಕಾಲವೂ ಅದೇ. ಇತ್ತ ಗುಜರಾತಿನ ಹತ್ತಿಯನ್ನು ತರುವುದಕ್ಕೆ ಮತ್ತೊಂದು ಕಂಪನಿ, ಬಾಂಬೆ ಬರೋಡ ಮತ್ತು ಸೆಂಟ್ರಲ್ ಇಂಡಿಯಾ ಎಂಬುದು, ಪಶ್ಚಿಮದ ಕಡಲಂಚಿನಲ್ಲಿ ಹಳಿಯನ್ನು ಹಾಸಿಕೊಂಡು ಬಂದಿತು. 1867ನೆಯ ಏಪ್ರಿಲ್ 12ರಂದು ವಿರಾರಿನಿಂದ ಬ್ಯಾಕ್‌ಬೇವರೆಗೆ, ದಿನಕ್ಕೆ ಹೋಗುವ ಗಾಡಿ ಒಂದು ಬರುವ ಗಾಡಿ ಒಂದು ಎಂಬಂತೆ, ಅದು ಉಪನಗರಗಳ ಜನರಿಗಾಗಿ ರೈಲನ್ನು ಓಡಿಸಲಾರಂಭಿಸಿತು. ಇಂದಿನ ಲೋಕಲ್ ಗಾಡಿಯ ಪೂರ್ವಜ ಅದೇ ಎನ್ನಬಹುದು. ಹೀಗೆ ಹಳಿಗಳನ್ನು ಹಾಕಿದ್ದು ಮುಖ್ಯವಾಗಿ ಹತ್ತಿಯ ಅಂಡಿಗೆಗಾಗಿ; ಮನುಷ್ಯರು ಆಮೇಲೆ ಬಂದು ಸೇರಿಕೊಂಡರು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಎರಡು ಕಂಪನಿಗಳಿಗೆ ಎರಡು ದಾರಿ, ಎರಡು ಕೊನೆಯ ನಿಲ್ದಾಣ. ಒಂದರದು ಸ್ಟೀವನ್ಸ್ ಎಂಬ ಶಿಲ್ಪಿ 1878ರಿಂದ ಹತ್ತು ವರ್ಷ ಕಟ್ಟಿಸಿದ ವಿಕ್ಟೋರಿಯಾ ಟರ್ಮಿನಸ್. 1996ರಿಂದ ಅದಕ್ಕೆ ಛತ್ರಪತಿ ಶಿವಾಜಿಯ ಹೆಸರಾಯಿತು. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮತ್ತೊಂದರದು ಮೊದಲು ಕೊಲಾಬಾ, 1930ರ ಅಂತ್ಯದಲ್ಲಿ ಅದು ಮುಚ್ಚಿದ ಮೇಲೆ ಚರ್ಚ್‌ಗೇಟು. 1951ನೆಯ ನವೆಂಬರ್ 5ರಂದು ಮೊದಲನೆಯ ಕಂಪನಿಯ ದಾರಿ ಸೆಂಟ್ರಲ್ ರೈಲ್ವೆಗೂ ಎರಡನೆಯದರ ದಾರಿ ವೆಸ್ಟರ್ನ್ ರೈಲ್ವೆಗೂ ಸೇರಿದುವು. ಎರಡು ದಾರಿಗಳೂ ಪಕ್ಕಪಕ್ಕಕ್ಕೆ ಬರುವ ದಾದರಿನಲ್ಲಿ ಈ ಪುರಾತನ ದಾಯಾದಿತನ ಬಹುಕಾಲ ಕಣ್ಣಿಗೆ ಕಾಣುತ್ತಿತ್ತು. ಅಲ್ಲಿ ಒಂದನೆಯ ನಂಬರಿನ ಪ್ಲಾಟ್‌ಫಾರಂಗಳು ಎರಡಿದ್ದುವು, ಸೇತುವೆಯ ಈ ಕಡೆ ಒಂದು, ಆ ಕಡೆ ಒಂದು. ತಪ್ಪು ಪ್ಲಾಟ್‌ಫಾರಂನಲ್ಲಿ ನಿಂತು ಗಾಡಿಯನ್ನು ಕಳೆದುಕೊಂಡ ಪರಸ್ಥಳದವರಿಗೆ ಲೆಕ್ಕವಿಲ್ಲ. 2023ರ ಡಿಸೆಂಬರಿನಲ್ಲಿ, ಅಂದರೆ ಕಂಪನಿಗಳ ಕಾಲ ಕಳೆದು ಎಪ್ಪತ್ತು ವರ್ಷಗಳಾದ ಮೇಲೆ, ಒಂದರಿಂದ ಹದಿನಾಲ್ಕರವರೆಗೆ ಒಂದೇ ಸರಣಿಯ ಸಂಖ್ಯೆಗಳನ್ನು ಕೊಟ್ಟರು. ಆದುದರಿಂದ ಮುಂಬಯಿಯಲ್ಲಿ ಯಾರ ಮನೆಗೆ ಹೋಗುವುದಾದರೂ, ಯಾವ ಬೀದಿ ಎಂದು ಕೇಳುವುದಕ್ಕೆ ಮುಂಚೆ ಯಾವ ಲೈನು ಎಂದು ಕೇಳಬೇಕು.

ಇನ್ನು ಊರಿನ ಆಕಾರವನ್ನು ನೋಡೋಣ. ಮುಂಬಯಿ ಏಳು ದ್ವೀಪಗಳನ್ನು ಕೂಡಿಸಿ ಮಾಡಿದ ನಗರ. ಅಗಲ ಕಿರಿದು, ಉದ್ದ ಹಿರಿದು. ತೆಂಕಣ ತುದಿಯಲ್ಲಿ ಕೋಟೆ, ಹಡಗುಕಟ್ಟೆ, ಕಚೇರಿಗಳು. ಊರು ಬೆಳೆಯಬೇಕಾದರೆ ಬಡಗಲಿಗೇ ಬೆಳೆಯಬೇಕು. ಆದರೂ ಜನರು ಬಹುಕಾಲ ಗಿರಣಿಗಳ ಸುತ್ತಲಿನ ಚಾಳುಗಳಲ್ಲಿಯೇ ಒತ್ತಾಗಿ ವಾಸಿಸುತ್ತಿದ್ದರು. 1896ರಲ್ಲಿ ಪ್ಲೇಗು ಬಂದಿತು. ಎರಡು ವರ್ಷಗಳ ತರುವಾಯ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್, ಮಾಟುಂಗಗಳಲ್ಲಿ ಹೊಸ ಬಡಾವಣೆಗಳನ್ನು ರಚಿಸಿತು. ದಕ್ಷಿಣ ದೇಶದಿಂದ ಗುಮಾಸ್ತೆಗಿರಿಗೆ ಬಂದ ಮಧ್ಯಮ ವರ್ಗದವರು ಅಲ್ಲಿ ನೆಲಸಿದರು. ನಮ್ಮವರು 1926ರಲ್ಲಿ ಸ್ಥಾಪಿಸಿದ ಮೈಸೂರು ಅಸೋಸಿಯೇಷನ್ನು ಮಾಟುಂಗದಲ್ಲಿದೆ. ಉಡುಪಿ ಮಂಗಳೂರು ಸೀಮೆಗಳಿಂದ ಬಂದವರು ನಿಲ್ದಾಣಗಳ ಬಳಿ ಹೋಟೆಲುಗಳನ್ನಿಟ್ಟರು. ಹಗಲೆಲ್ಲ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಮುಂದೆ ಬಂದ ಹುಡುಗರ ಸಂಖ್ಯೆ ಸಣ್ಣದಲ್ಲ. ಎಲ್ಲಿ ಬಾಡಿಗೆ ಅಗ್ಗವೋ ಅಲ್ಲಿ ಮಲಗಿ, ಎಲ್ಲಿ ಕೂಲಿ ಹೆಚ್ಚೋ ಅಲ್ಲಿ ದುಡಿಯುವ ಅನುಕೂಲವನ್ನು ಬಡವನಿಗೆ ಮಾಡಿಕೊಟ್ಟುದು ಈ ರೈಲು.

ಗಾಡಿಯ ವೇಳೆಯ ವಿಷಯದಲ್ಲಿಯೂ ಒಂದು ವಿನೋದವುಂಟು. ರೈಲ್ವೆಯವರು ದೇಶಕ್ಕೆಲ್ಲ ಮದರಾಸಿನ ವೇಳೆಯನ್ನು ಇಟ್ಟುಕೊಂಡಿದ್ದರು. ಮುಂಬಯಿಯ ಸ್ವಂತ ವೇಳೆ ಅದಕ್ಕಿಂತ ಅರ್ಧ ಗಂಟೆ ಹಿಂದು. 1906ರಲ್ಲಿ ಭಾರತಕ್ಕೆಲ್ಲ ಒಂದು ವೇಳೆ ಬಂದ ಮೇಲೂ ಮುಂಬಯಿಯ ಪುರಸಭೆ ಹಟ ಹಿಡಿದು, 39 ನಿಮಿಷ ಹಿಂದಿನ ತನ್ನ ವೇಳೆಯನ್ನೇ 1955ರವರೆಗೆ ಉಳಿಸಿಕೊಂಡಿತು. ಊರಿನ ಗಡಿಯಾರ ಒಂದು, ರೈಲಿನ ಗಡಿಯಾರ ಇನ್ನೊಂದು. ಕೊನೆಗೆ ಗೆದ್ದುದು ರೈಲೇ. ಇಂದು ಅಲ್ಲಿನವರು ಗಾಡಿಯನ್ನು ಹೆಸರಿನಿಂದ ಕರೆಯುವುದಿಲ್ಲ. "ಎಂಟು ಹದಿನೇಳರದು ತಪ್ಪಿತು, ಎಂಟು ಇಪ್ಪತ್ತೊಂದರದು ಸಿಕ್ಕಿತು" ಎನ್ನುತ್ತಾರೆ. ನಾಲ್ಕು ನಿಮಿಷವೆಂಬುದು ಆ ಊರಿನಲ್ಲಿ ದೊಡ್ಡ ಕಾಲ.

ನಾಲ್ಕು ನಿಮಿಷಕ್ಕೊಂದು ಗಾಡಿ ಓಡುವುದು ಉಗಿಯಿಂದ ಸುಲಭವಿರಲಿಲ್ಲ. ಉಗಿಯ ಎಂಜಿನ್ನು ನಿಂತ ಸ್ಥಿತಿಯಿಂದ ವೇಗಕ್ಕೇರಲು ಹೊತ್ತು ಹಿಡಿಯುತ್ತದೆ. ಕೊನೆಯ ನಿಲ್ದಾಣದಲ್ಲಿ ಅದನ್ನು ಬಿಚ್ಚಿ ಇನ್ನೊಂದು ತುದಿಗೆ ತಂದು ಕಟ್ಟಬೇಕು. ವಿದ್ಯುಚ್ಛಕ್ತಿಯ ಗಾಡಿಗೆ ಈ ತೊಡಕಿಲ್ಲ. ನೆತ್ತಿಯ ತಂತಿಯಿಂದ ಶಕ್ತಿಯನ್ನು ಪಡೆಯುವ ಮೋಟಾರುಗಳು ಗಾಡಿಗಳ ಅಡಿಯಲ್ಲಿಯೇ ಇವೆ. ಎರಡು ತುದಿಗಳಲ್ಲಿಯೂ ಚಾಲಕನ ಕೋಣೆಯಿದೆ. ಗಾಡಿ ಬಂದ ಹಾಗೆಯೇ ಹಿಂದಿರುಗಬಹುದು. 1925ನೆಯ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಬಂದರಿನ ಕವಲುದಾರಿಯಲ್ಲಿ ಕುರ್ಲಾಕ್ಕೆ ಓಡಿದುದು ಭಾರತದ ಮೊದಲ ವಿದ್ಯುತ್ ರೈಲು. 1928ರ ಜನವರಿಯಲ್ಲಿ ಕೊಲಾಬಾ ಬೊರಿವಲಿಗಳ ನಡುವೆಯೂ ಅದು ಬಂದಿತು. ದಾರಿ ಎರಡಿದ್ದುದು ನಾಲ್ಕಾದಾಗ, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಗಾಡಿಗೆ ಒಂದು ಜೊತೆ, ದೂರದವರಿಗಾಗಿ ಕೆಲವೇ ಕಡೆ ನಿಲ್ಲುವ ಗಾಡಿಗೆ ಇನ್ನೊಂದು ಜೊತೆ ಹಳಿಗಳನ್ನು ಮೀಸಲಿಡಲು ಸಾಧ್ಯವಾಯಿತು. ನಮ್ಮನ್ನು ಮಾಟುಂಗದಿಂದ ವಂಚಿಸಿದ ಸ್ಲೋ ಫಾಸ್ಟುಗಳ ಭೇದ ಇದೇ. ಪ್ಲಾಟ್‌ಫಾರಂನ ಮೇಲೆ ತೂಗುವ ಸೂಚಕದಲ್ಲಿ ಗಾಡಿ ಸೇರುವ ಊರು, ವೇಳೆ, ಫಾಸ್ಟೋ ಸ್ಲೋವೋ, ಗಾಡಿಗಳು ಹನ್ನೆರಡೋ ಹದಿನೈದೋ ಎಂಬುದೆಲ್ಲ ಇರುತ್ತದೆ. ಓಡುವವರನ್ನು ನೋಡಿ ಓಡದೆ, ಮೊದಲು ಅದನ್ನು ಓದಿಕೊಳ್ಳತಕ್ಕದ್ದು.

ಗಾಡಿಯ ಒಳಗಿನ ವಿಭಾಗಗಳಿಗೂ ಇಂತಹುದೇ ಕಥೆಯಿದೆ. ರೈಲು ಬರುವ ಮೊದಲು, ನಾನಾ ಜಾತಿಯ ಜನರು ಒಂದೇ ಹಲಗೆಯ ಮೇಲೆ ಕುಳಿತಾರೆಯೆ ಎಂದು ಸಂಶಯಪಟ್ಟವರಿದ್ದರು. ಜನರು ಮುಗಿಬಿದ್ದು ಹತ್ತಿದರು. ಮೂರನೆಯ ತರಗತಿಯ ಪ್ರಯಾಣಿಕರಿಂದಲೇ ಕಂಪನಿಗಳಿಗೆ ಹೆಚ್ಚು ಹಣ ಬಂದಿತು. ಇಂದಿರುವ ತರಗತಿಗಳು ಮೊದಲನೆಯದು ಮತ್ತು ಎರಡನೆಯದು. ಮೊದಲನೆಯದಕ್ಕೆ ದರ ಬಹಳ ಹೆಚ್ಚು, ಆದರೆ ಆಸನ ಸಿಕ್ಕುವ ಭರವಸೆಯೇನೂ ಇಲ್ಲ. ಹೆಂಗಸರಿಗೆ ಬೇರೆ ಡಬ್ಬಿಗಳಿವೆ. ಮನೆಯೊಳಗಿದ್ದ ಸ್ತ್ರೀಯರು ಶಾಲೆಗಳಿಗೆ, ಕಚೇರಿಗಳಿಗೆ, ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗುವಂತಾದ ಬದಲಾವಣೆಯನ್ನು ಈ ಡಬ್ಬಿಗಳು ಹೆಚ್ಚುತ್ತ ಬಂದುದರಿಂದಲೇ ಅಳೆಯಬಹುದು. 1992ನೆಯ ಮೇ 5ರಂದು ಚರ್ಚ್‌ಗೇಟು ಬೊರಿವಲಿಗಳ ನಡುವೆ ಇಡಿಯ ಗಾಡಿಯನ್ನೇ ಅವರಿಗಾಗಿ ಬಿಟ್ಟರು. ಸರಕಿನ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳೊಡನೆ, ಬಿಳಿಯ ಟೋಪಿಯ ಡಬ್ಬಾವಾಲರು ಮನೆಯ ಊಟವನ್ನು ಕಚೇರಿಗಳಿಗೆ ಸಾಗಿಸುತ್ತಾರೆ. ಅವರ ಕಸುಬು 1890ರ ಸುಮಾರಿನಿಂದ ನಡೆದುಬಂದಿದೆ. ಪರಸ್ಥಳದ ಗಂಡಸರು ಅವಸರದಲ್ಲಿ ಹೆಂಗಸರ ಡಬ್ಬಿಯನ್ನೋ ಅಂಗವಿಕಲರ ಡಬ್ಬಿಯನ್ನೋ ಹತ್ತಿ ದಂಡ ತೆರುವುದುಂಟು. ಡಬ್ಬಿಯ ಮೇಲಿನ ಗುರುತನ್ನು ನೋಡಿ ಹತ್ತಬೇಕು.

ಬರೆಯದ ಶಾಸನಗಳೂ ಉಂಟು. ಮೂವರ ಹಲಗೆಯ ಮೇಲೆ ನಾಲ್ಕನೆಯವನಿಗೆ ಅರ್ಧ ಸ್ಥಳ ಕೊಡುವುದು ಅಲ್ಲಿನ ಧರ್ಮ. ಬೆನ್ನಿನ ಚೀಲವನ್ನು ಎದೆಗೆ ತಂದುಕೊಳ್ಳಬೇಕು. ಇಳಿಯುವ ನಿಲ್ದಾಣಕ್ಕೆ ಎರಡು ನಿಲ್ದಾಣ ಮೊದಲೇ, ಪ್ಲಾಟ್‌ಫಾರಂ ಯಾವ ಕಡೆ ಬರುವುದೆಂದು ವಿಚಾರಿಸಿ ಅತ್ತ ಸರಿಯಬೇಕು. ಗಾಡಿ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ಇಷ್ಟು ನೂಕಾಟದ ನಡುವೆಯೂ ತಾಳ ಹಿಡಿದು ಭಜನೆ ಮಾಡುವ ಮಂಡಲಿಗಳುಂಟು. ಎಷ್ಟೋ ವರ್ಷ ಒಂದೇ ಡಬ್ಬಿಯಲ್ಲಿ ಹೋಗಿ ನೆಂಟರಂತಾದವರುಂಟು.

ಇದೆಲ್ಲವನ್ನೂ ಹೊಗಳಿ ಮುಗಿಸಿಬಿಡುವುದು ಸುಲಭ. ಮುಂಬಯಿಯ ಜನರ ಸಹನೆಯನ್ನು ಕೊಂಡಾಡುವುದು ಪರಸ್ಥಳದವರಿಗೆ ಅಭ್ಯಾಸವೇ ಆಗಿದೆ. ಆದರೆ ಇತಿಹಾಸದ ವಿದ್ಯಾರ್ಥಿ ಅಲ್ಲಿಗೆ ನಿಲ್ಲಲಾಗದು. ದಟ್ಟಣೆಯ ವೇಳೆಯಲ್ಲಿ ಹನ್ನೆರಡು ಗಾಡಿಗಳ ಒಂದು ರೈಲಿನಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ ಜನರಿರುತ್ತಾರೆ; ಒಂದು ಚದರ ಮೀಟರು ಸ್ಥಳದಲ್ಲಿ ನಿಲ್ಲುವವರು 14ರಿಂದ 16 ಮಂದಿ ಎಂಬುದು ರೈಲ್ವೆಯವರೇ ಇಟ್ಟುಕೊಂಡಿರುವ ಲೆಕ್ಕ. ಇಂತಹ ಗಾಡಿಯ ಬಾಗಿಲನ್ನು ಮುಚ್ಚಿದರೆ ಒಳಗಿನವರಿಗೆ ಗಾಳಿಯಿಲ್ಲ. ತೆರೆದರೆ ಬಾಗಿಲಲ್ಲಿರುವವರಿಗೆ ಆಧಾರವಿಲ್ಲ. ಗಾಡಿಯಿಂದ ಬಿದ್ದವರು, ಹಳಿ ದಾಟುವಾಗ ಸಿಕ್ಕಿದವರು ಮುಂತಾಗಿ 2023ರ ಒಂದೇ ವರ್ಷದಲ್ಲಿ ಈ ಹಳಿಗಳ ಮೇಲೆ ಮಡಿದವರು ಎರಡೂವರೆ ಸಾವಿರಕ್ಕಿಂತ ಹೆಚ್ಚು.

ಪರೇಲಿನ ದೃಷ್ಟಾಂತವನ್ನು ನೋಡಿ. ಅಲ್ಲಿ ಬಟ್ಟೆಯ ಗಿರಣಿಗಳಿದ್ದಾಗ ಕೆಲಸಗಾರರು ಹತ್ತಿರದ ಚಾಳುಗಳಿಂದ ನಡೆದೇ ಬರುತ್ತಿದ್ದರು. 1982ರ ಮಹಾ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಅವುಗಳ ನೆಲದ ಮೇಲೆ ಕಚೇರಿಗಳ ಗೋಪುರಗಳೆದ್ದುವು. ಅಲ್ಲಿ ದುಡಿಯುವವರು ದೂರದ ಉಪನಗರಗಳಿಂದ ರೈಲಿನಲ್ಲಿ ಬರುವವರು. ಊರು ಬದಲಾಯಿತು, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಕಾಲ್ಸೇತುವೆ ಬದಲಾಗಲಿಲ್ಲ. 2017ನೆಯ ಸೆಪ್ಟೆಂಬರ್ 29ರ ಬೆಳಗ್ಗೆ, ವಿಜಯದಶಮಿಯ ಹಿಂದಿನ ದಿನ, ಮಳೆಗೆ ಸೇತುವೆಯ ಮೇಲೆ ನಿಂತ ಜನರಲ್ಲಿ ನೂಕುನುಗ್ಗಲಾಗಿ 23 ಮಂದಿ ಸತ್ತರು. ಮರುವರ್ಷ ನಿಲ್ದಾಣಕ್ಕೆ ಪ್ರಭಾದೇವಿ ಎಂದು ಹೆಸರಾಯಿತು. 2025ನೆಯ ಜೂನ್ 9ರಂದು, ಥಾಣೆಯಿಂದ ಮುಂದೆ ಮುಂಬ್ರಾದ ತಿರುವಿನಲ್ಲಿ, ಎರಡು ಗಾಡಿಗಳು ಎದುರೆದುರಾಗಿ ಹಾಯುವಾಗ ಬಾಗಿಲುಗಳಲ್ಲಿ ಜೋತಿದ್ದ ಹಲವರು ಕೆಳಗುರುಳಿದರು; ನಾಲ್ವರು ಅಂದೇ ತೀರಿಕೊಂಡರು. ಬಾಗಿಲು ತಾನಾಗಿ ಮುಚ್ಚುವ ಹವಾನಿಯಂತ್ರಿತ ಗಾಡಿ 2017ರ ಡಿಸೆಂಬರ್ 25ರಂದೇ ಬಂದಿತ್ತು, ಆದರೆ ಅದರ ದರ ಹೆಚ್ಚು, ಸಂಖ್ಯೆ ಕಡಮೆ. ಮುಂಬ್ರಾದ ಅಪಘಾತವಾದ ಮೇಲೆ, ಸಾಮಾನ್ಯ ಗಾಡಿಗಳಿಗೂ ಗಾಳಿಯಾಡುವ ಮುಚ್ಚುಬಾಗಿಲುಗಳನ್ನು ಇಡುವುದಾಗಿ ರೈಲ್ವೆಯವರು ಸಾರಿದರು. ಹತ್ತಿಯ ಅಂಡಿಗೆಗಾಗಿ ಹುಟ್ಟಿದ ದಾರಿಯಲ್ಲಿ ಮನುಷ್ಯನ ದೇಹಕ್ಕೆ ಎಷ್ಟು ಸ್ಥಳ ಸಲ್ಲಬೇಕೆಂಬ ಲೆಕ್ಕ ಇನ್ನೂ ಇತ್ಯರ್ಥವಾಗಿಲ್ಲವೆಂಬುದೇ ಇದರ ಅರ್ಥ.

ಉಪನ್ಯಾಸದ ದಿನ ರಾತ್ರಿ ನಾವು ನಮ್ಮ ಪೇಚಾಟವನ್ನು ಹೇಳಿಕೊಂಡಾಗ ಆ ಹಳೆಯ ವಿದ್ಯಾರ್ಥಿ ನಕ್ಕು, "ನನಗೆ ಆ ಗಾಡಿಯಲ್ಲಿ ಇಪ್ಪತ್ತು ವರ್ಷದಿಂದ ಸ್ಥಳ ಕಾದಿದೆ, ಮೇಷ್ಟ್ರೇ. ಕೂರುವುದಕ್ಕಲ್ಲ, ಬಾಗಿಲ ಬಳಿ ನಿಲ್ಲುವುದಕ್ಕೆ" ಎಂದರು. ಅವರ ಮನೆಯಾಕೆ ನಗಲಿಲ್ಲ. ಅವರು ಬರುವುದು ಮುಕ್ಕಾಲು ಗಂಟೆ ತಡವಾಗಿತ್ತು. ಆ ಹೊತ್ತಿನಲ್ಲಿ ಆಕೆ ನಮಗೆ ಕಾಫಿ ಕೊಟ್ಟು, ಊರಿನ ಸಮಾಚಾರ ಕೇಳುತ್ತಿದ್ದರೂ, ಕಣ್ಣು ಗೋಡೆಯ ಗಡಿಯಾರದ ಮೇಲೆಯೇ ಇದ್ದುದನ್ನು ನಾವು ಕಂಡಿದ್ದೆವು. ಬಾಗಿಲಲ್ಲಿ ಚಪ್ಪಲಿಯ ಸದ್ದಾದಾಗ ಆಕೆ ಕೇಳಿದುದು, "ಯಾವ ಗಾಡಿ ಸಿಕ್ಕಿತು?" ಎಂದು ಮಾತ್ರ.

ನಮಗೆ ಆಗ ಹೊಳೆಯಿತು. ನಾವು ಸ್ಲೋ ಗಾಡಿಯನ್ನು ಹತ್ತದೆ ಫಾಸ್ಟ್ ಗಾಡಿಗೆ ಸೇರಿದುದರಿಂದ ನಮಗೆ ಅರ್ಧ ಗಂಟೆ ನಷ್ಟವಾಯಿತು, ಅಷ್ಟೆ. ಆದರೆ ಬೆಳಗಿನ ಎಂಟೂವರೆಗೆ ಆ ಗಾಡಿಯಲ್ಲಿ ನಾವು ಆಕ್ರಮಿಸಿದ ಸ್ಥಳ ಯಾರದೋ ಆಗಿತ್ತು. ಅವನು ನಮ್ಮಿಂದಾಗಿ ಒಳಗೆ ಒಂದು ಹೆಜ್ಜೆ ಇಡಲಾರದೆ ಬಾಗಿಲ ಕಂಬಿಯನ್ನು ಹಿಡಿದು ನಿಂತಿದ್ದಿರಬಹುದು. ಪರಸ್ಥಳದವರಿಗೆ ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಂಟು, ಅವನಿಗೆ ಇಲ್ಲ. ಆದುದರಿಂದ, ಮುಂಬಯಿಗೆ ಹೋಗುವ ನಮ್ಮ ಶ್ರೋತೃಗಳು ಲೋಕಲ್ ಗಾಡಿಯನ್ನು ಹತ್ತಬಾರದೆಂದು ನಾವು ಹೇಳುವುದಿಲ್ಲ. ಅವಶ್ಯವಾಗಿ ಹತ್ತಿ, ಅದನ್ನು ಕಾಣದೆ ಆ ನಗರವನ್ನು ಕಂಡಂತಾಗದು. ಬೆಳಗ್ಗೆ ಹನ್ನೊಂದು ಗಂಟೆಯ ಮೇಲೆ ಹತ್ತಿ. ಸಂಜೆ ಐದರೊಳಗೆ ಹಿಂದಿರುಗಿ. ಬೋರಿಬಂದರಿನಿಂದ ಥಾಣೆಯವರೆಗೆ ಕಿಟಕಿಯ ಬಳಿ ಕುಳಿತು, ಆ ನಾಲ್ಕು ನೂರು ಮಂದಿ ಹೋದ ದಾರಿಯನ್ನು ನೋಡಿಕೊಂಡು ಬನ್ನಿ. ಎಂಟೂವರೆಯ ಗಾಡಿಯನ್ನು ಮಾತ್ರ ಅದು ಯಾರದೋ ಅವರಿಗೆ ಬಿಟ್ಟುಬಿಡಿ.